ಮಳ್ಳಿನ ಅಳತೆಗೋಲು

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ‘ಮಳ್ಳು’ ಎನ್ನುವ ಶಬ್ದ ದಿನಕ್ಕೆ ಹತ್ತು ಸಲ ಕಿವಿಗೆ ಬೀಳುತ್ತದೆ. ಊಟಕ್ಕೆ ಕರೆದರೂ ಬಾರದೆ ಗದ್ದೆಯಲ್ಲಿ ಕ್ರಿಕೆಟ್ ಆಡುತ್ತಿರುವ ಮಾಣಿಗೆ ‘ನಿಂಗೆಂತ ಮಳ್ಳಾ?’ ಅನ್ನುತ್ತಾರೆ. ಅಡಿಕೆಗೆ ದರ ಬಂದಾಗ ಮಾರದೆ, ಇನ್ನೂ ಏರಲಿ ಎಂದು ಕಾದು ಕೂತ ಯಜಮಾನನೂ ಮಳ್ಳ. ಅರವತ್ತು ದಾಟಿದ ಮೇಲೆ ಹಾರ್ಮೋನಿಯಂ ಕಲಿಯಲು ಹೊರಟವನಿಗೂ ಮಳ್ಳು. ನಡುರಾತ್ರಿ ಎದ್ದು, ಅಂಗಳದಲ್ಲಿ ಯಾರೋ ತನ್ನನ್ನು ಕೊಲ್ಲಲು ನಿಂತಿದ್ದಾರೆಂದು ಕತ್ತಿ ಹಿಡಿದು ಕೂತವನಿಗೂ ಅದೇ ಶಬ್ದ. ಆಗ ಹೇಳುವವರ ದನಿ ಮಾತ್ರ ತಗ್ಗಿರುತ್ತದೆ.

ಊರಿನವರಿಗೆ ಇದರಿಂದ ತೊಂದರೆಯೇನಿಲ್ಲ. ದನಿಯ ಮೇಲೇ ಇದು ಯಾವ ಮಳ್ಳು ಎಂದು ತಿಳಿಯುತ್ತದೆ. ಕಷ್ಟ ಇರುವುದು ಆ ಒಂದು ಶಬ್ದವನ್ನು ಸೀಳಿ, ಇಲ್ಲಿಯತನಕ ಸ್ವಭಾವ, ಇಲ್ಲಿಂದಾಚೆ ಕಾಯಿಲೆ ಎಂದು ಗೆರೆ ಎಳೆಯಬೇಕಾದವರಿಗೆ. ಮನಃಶಾಸ್ತ್ರಜ್ಞರ ಕಸುಬಿನಲ್ಲಿ ನನಗೆ ತುಂಬ ಮೆಚ್ಚಿಗೆಯಾದದ್ದು ಈ ಗೆರೆ ಎಳೆಯುವ ಕೆಲಸವೇ. ಗುಳಿಗೆ, ಸಲಹೆ ಎಲ್ಲ ಆಮೇಲಿನದು. ರಕ್ತ ತೆಗೆದು ‘ಖಿನ್ನತೆ ಇಷ್ಟು ಪಾಯಿಂಟ್’ ಎಂದು ಹೇಳುವ ಯಂತ್ರ ಇನ್ನೂ ಬಂದಿಲ್ಲ. ಎದುರು ಕೂತವರ ಮಾತು, ಮುಖ, ಜೊತೆಗೆ ಬಂದವರ ಎರಡು ಮಾತು, ಇಷ್ಟನ್ನೇ ಇಟ್ಟುಕೊಂಡು ಅವರು ತೂಗಬೇಕು.

ತೂಗಲು ಕೈಯಲ್ಲಿ ಹಲವು ಅಳತೆಗೋಲುಗಳಿವೆ. ಅವುಗಳಲ್ಲಿ ಒಂದೂ ಪೂರ್ತಿ ನಂಬುವಂಥದ್ದಲ್ಲ ಎನ್ನುವುದು ಅವರಿಗೇ ಚೆನ್ನಾಗಿ ಗೊತ್ತಿದೆ.

ಎಲ್ಲಕ್ಕಿಂತ ಸುಲಭದ್ದು ಎಣಿಕೆಯ ಕೋಲು. ಹೆಚ್ಚಿನವರು ಹೇಗಿದ್ದಾರೋ ಅದು ಸಾಮಾನ್ಯ, ತೀರ ಅಪರೂಪವಾದದ್ದು ಅಸಾಮಾನ್ಯ. ಇದರ ಹಳೆಯ ಉದಾಹರಣೆಯೊಂದು ನಮ್ಮ ಸೀಮೆಯ ಪಕ್ಕದಲ್ಲೇ ಇದೆ. ಬಿನೆ ಎಂಬ ಫ್ರೆಂಚ್ ವಿದ್ವಾಂಸ 1905ರಲ್ಲಿ ಶುರುಮಾಡಿದ ಬುದ್ಧಿಯಳತೆಯನ್ನು ಅಮೆರಿಕದವರು 1916ರಲ್ಲಿ ತಮಗೆ ಬೇಕಾದಂತೆ ತಿದ್ದಿಕೊಂಡರು. ಅದನ್ನು 1930ರ ದಶಕದಲ್ಲಿ ಡಾ. ವಿ. ವಿ. ಕಾಮತ್ ಕನ್ನಡ ಮತ್ತು ಮರಾಠಿಗೆ ಒಗ್ಗಿಸಿದರು. ಧಾರವಾಡದ ಕಡೆಯ ಮಕ್ಕಳನ್ನು ಕೂರಿಸಿಕೊಂಡು, ಯಾವ ವಯಸ್ಸಿಗೆ ಯಾವ ಪ್ರಶ್ನೆ ಎಂದು ಗೊತ್ತುಮಾಡಿ, 1940ರಲ್ಲಿ ಪುಸ್ತಕ ತಂದರು. ಬಿನೆ-ಕಾಮತ್ ಪರೀಕ್ಷೆ ಎಂದು ಇಂದಿಗೂ ಅದರ ಬಳಕೆ ಇದೆ. ಇಂಥ ಅಳತೆಗಳಲ್ಲಿ ಸರಾಸರಿಯನ್ನು 100 ಎಂದು ಹಿಡಿಯುತ್ತಾರೆ. 70ಕ್ಕಿಂತ ಕೆಳಗೆ ಬರುವವರು ನೂರರಲ್ಲಿ ಇಬ್ಬರೋ ಮೂವರೋ. ಪ್ಯಾರಿಸ್ಸಿನ ಮಗುವಿಗೆ ಕೇಳಿದ್ದನ್ನೇ ಇಲ್ಲಿನ ಮಗುವಿಗೂ ಕೇಳಿ ದಡ್ಡ ಎಂದುಬಿಡುವ ಬದಲು, ಕಾಮತರು ಮೊದಲು ಇಲ್ಲಿನ ಮಕ್ಕಳು ಹೇಗಿರುತ್ತಾರೆ ಎಂದು ನೋಡಿದರು. ಅರ್ಧ ಕಸುಬು ಅದರಲ್ಲೇ ಇದೆ.

ಆದರೆ ಅಪರೂಪ ಎಂದ ಮಾತ್ರಕ್ಕೆ ಕೆಟ್ಟದ್ದು ಎಂದಾಗುವುದಿಲ್ಲ. 70ಕ್ಕಿಂತ ಕೆಳಗಿನವರಷ್ಟೇ 130ಕ್ಕಿಂತ ಮೇಲಿನವರೂ ಅಪರೂಪ. ಅವರನ್ನು ಯಾರೂ ಆಸ್ಪತ್ರೆಗೆ ಕರೆದೊಯ್ಯುವುದಿಲ್ಲ. ತೋಟದ ತುದಿಯ ಮನೆಯಲ್ಲಿ ಒಬ್ಬನೇ ಇದ್ದುಕೊಂಡು, ಮಳೆಗಾಲದ ನಾಲ್ಕು ತಿಂಗಳು ಯಾರ ಮುಖವನ್ನೂ ನೋಡದೆ, ಜೇನುಪೆಟ್ಟಿಗೆಗಳ ಜೊತೆ ಮಾತಾಡಿಕೊಂಡು ಸುಖವಾಗಿರುವವರು ಈ ಕಡೆ ಇದ್ದಾರೆ. ನೂರಕ್ಕೊಬ್ಬರು ಸಿಕ್ಕರೆ ಹೆಚ್ಚು. ಹಾಗೆಂದು ಅವರಿಗೆ ಕಾಯಿಲೆ ಇಲ್ಲ. ಇನ್ನೊಂದು ಕಡೆಯಿಂದಲೂ ಈ ಕೋಲು ಕೈಕೊಡುತ್ತದೆ. ನಿಮ್ಹಾನ್ಸ್ 2015–16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ 10.6ರಷ್ಟು ಜನರಿಗೆ ಆ ಹೊತ್ತಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇತ್ತು. ಹತ್ತು ಜನರ ಪಂಕ್ತಿಯಲ್ಲಿ ಒಬ್ಬರು! ಇದನ್ನು ಅಪರೂಪ ಎನ್ನಲು ಬಾಯಿ ಬರುವುದಿಲ್ಲ. ಹುಳುಕು ಹಲ್ಲು ಎಷ್ಟು ಜನರಿಗಿದ್ದರೂ ಹುಳುಕು ಹುಳುಕೇ ತಾನೆ.

ಹಾಗಾದರೆ ಸಮಾಜದ ಕಟ್ಟಳೆಯನ್ನೇ ಕೋಲು ಮಾಡಿಕೊಂಡರೆ? ಎಲ್ಲರೂ ನಡೆಯುವಂತೆ ನಡೆಯದವನು ಅಸಹಜ ಎಂದು? ಈ ಕೋಲಿನಿಂದ ಬಿದ್ದ ಪೆಟ್ಟುಗಳು ಬಹಳ. ಯಲ್ಲಾಪುರ, ಹಳಿಯಾಳದ ಕಾಡಿನಂಚಿನಲ್ಲಿ ಸಿದ್ದಿಗಳಿದ್ದಾರೆ. ಪೋರ್ಚುಗೀಸರು ಆಫ್ರಿಕಾದಿಂದ ಗುಲಾಮರಾಗಿ ತಂದವರಲ್ಲಿ ಹಲವರು ಗೋವೆಯಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದರು. ಅವರ ವಂಶದವರು ಇವರು. 1851ರಲ್ಲಿ ಅಮೆರಿಕದ ಕಾರ್ಟ್‌ರೈಟ್ ಎಂಬ ವೈದ್ಯ, ಗುಲಾಮರು ಧಣಿಯನ್ನು ಬಿಟ್ಟು ಓಡಿಹೋಗುವುದು ಒಂದು ಮನೋರೋಗ ಎಂದು ಗಂಭೀರವಾಗಿ ಬರೆದ. ಅದಕ್ಕೊಂದು ಗ್ರೀಕ್ ಹೆಸರನ್ನೂ ಇಟ್ಟ. ಚಿಕಿತ್ಸೆ ಚಾಟಿಯೇಟು. ಅವನ ಲೆಕ್ಕದಲ್ಲಿ ಯಲ್ಲಾಪುರದ ಸಿದ್ದಿಗಳ ಹಿರಿಯರೆಲ್ಲ ರೋಗಿಗಳು. ಡಮಾಮಿ ಬಾರಿಸುತ್ತ ಕುಣಿಯುವ ಅವರ ಮರಿಮಕ್ಕಳನ್ನು ನೋಡಿದರೆ ಓಡಿದ್ದೇ ಆರೋಗ್ಯ ಎಂದು ಯಾರಿಗಾದರೂ ತಿಳಿಯುತ್ತದೆ. ಇದು ಹಳೇ ಕತೆ ಎಂದು ಬಿಡುವ ಹಾಗೂ ಇಲ್ಲ. ಸಲಿಂಗ ಪ್ರೀತಿಯನ್ನು ಅಮೆರಿಕದ ಮನೋವೈದ್ಯರು ತಮ್ಮ ರೋಗಪಟ್ಟಿಯಿಂದ ತೆಗೆದದ್ದು 1973ರಲ್ಲಿ.

ಇಂಥ ಪೆಟ್ಟುಗಳಿಂದ ಕಲಿತದ್ದು ನಮ್ಮ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ ಕಾಣುತ್ತದೆ. ಯೋಚನೆ, ಭಾವ, ಗ್ರಹಿಕೆ, ಸ್ಥಳಕಾಲದ ಅರಿವು, ನೆನಪು ಇವುಗಳಲ್ಲಿ ಗಣನೀಯವಾದ ಏರುಪೇರಾಗಿ, ಅದರಿಂದ ವಿವೇಕ, ನಡವಳಿಕೆ, ವಾಸ್ತವದ ಅರಿವು, ದಿನನಿತ್ಯದ ಬದುಕು ತೀರ ಕೆಟ್ಟಿದ್ದರೆ ಮಾತ್ರ ಅದು ಮಾನಸಿಕ ಕಾಯಿಲೆ. ಊರಿನ ನೀತಿ, ಜಾತಿ, ಧರ್ಮ, ರಾಜಕೀಯಕ್ಕೆ ಒಗ್ಗಲಿಲ್ಲ ಎನ್ನುವುದು ಕಾಯಿಲೆಯ ಗುರುತಲ್ಲ ಎಂದು ಕಾಯ್ದೆ ಬಿಡಿಸಿ ಹೇಳುತ್ತದೆ. ಹಿಂದೆ ಒಮ್ಮೆ ಚಿಕಿತ್ಸೆ ಪಡೆದಿದ್ದ ಎನ್ನುವುದೊಂದೇ ಇಂದಿಗೆ ಸಾಕ್ಷಿಯಾಗದು ಎಂದೂ ಇದೆ. ಧಾರವಾಡದಲ್ಲಿ 1845ರಿಂದ ಹುಚ್ಚರ ಆಸ್ಪತ್ರೆ ಇದೆ, ಈಗ ಅದು ಡಿಮ್ಹಾನ್ಸ್. ನಮ್ಮ ಕಡೆ ‘ಅವನನ್ನು ಧಾರವಾಡಕ್ಕೆ ಕಳಿಸಬೇಕು’ ಎಂದರೆ ಬೇರೆ ವಿವರಣೆ ಬೇಡ. ಒಮ್ಮೆ ಧಾರವಾಡ ಕಂಡುಬಂದವನಿಗೆ ಆ ಹೆಸರು ಮೊಮ್ಮಕ್ಕಳ ಮದುವೆಯ ಮಾತಿನತನಕ ಅಂಟಿಕೊಳ್ಳುತ್ತಿತ್ತು. ಆ ಅಂಟನ್ನು ಕೆರೆದು ತೆಗೆಯಲು ಕಾಯ್ದೆಯೇ ಬರಬೇಕಾಯಿತು.

ಕಟ್ಟಳೆಯ ಕೋಲನ್ನು ಪೂರ್ತಿ ಎಸೆಯುವಂತೆಯೂ ಇಲ್ಲ. ಶಿರಸಿಯ ಮಾರಿಜಾತ್ರೆಯಲ್ಲಿ, ಬಿಡಕಿಬಯಲಿನ ಗದ್ದಲದ ನಡುವೆ, ಹೆಂಗಸೊಬ್ಬಳ ಮೈಮೇಲೆ ಬಂತು ಎಂದಿಟ್ಟುಕೊಳ್ಳಿ. ಸುತ್ತಲಿನವರು ಕೈಮುಗಿಯುತ್ತಾರೆ, ಕುಂಕುಮ ಕೊಡುತ್ತಾರೆ, ಸ್ವಲ್ಪ ಹೊತ್ತಿಗೆ ಅವಳು ನೀರು ಕುಡಿದು, ಸೆರಗು ಸರಿಮಾಡಿಕೊಂಡು, ಮಕ್ಕಳಿಗೆ ಬಳೆ ಕೊಡಿಸಲು ಹೊರಡುತ್ತಾಳೆ. ವಿಶ್ವ ಆರೋಗ್ಯ ಸಂಸ್ಥೆಯ ಈಗಿನ ರೋಗಪಟ್ಟಿಯಲ್ಲಿ ಮೈಮೇಲೆ ಬರುವುದಕ್ಕೇ ಒಂದು ಪ್ರತ್ಯೇಕ ಹೆಸರಿದೆ. ಆದರೆ ಷರತ್ತು ಹಾಕಿದ್ದಾರೆ: ಅದು ಆ ಸಮುದಾಯದ ಆಚರಣೆಯ ಭಾಗವಾಗಿರಬಾರದು, ಬೇಡವೆಂದರೂ ಬಂದಿರಬೇಕು, ಅದರಿಂದ ಸಂಕಟವೋ ಬದುಕಿಗೆ ಅಡ್ಡಿಯೋ ಆಗಿರಬೇಕು. ಜಾತ್ರೆಯ ಹೆಂಗಸು ಇದರಲ್ಲಿ ಬರುವುದಿಲ್ಲ. ಅದೇ ಹೆಂಗಸಿಗೆ ಮದುವೆಯಾದ ತಿಂಗಳಿಂದ, ಗಂಡನ ಮನೆಯ ಅಡುಗೆಮನೆಯಲ್ಲಿ, ಯಾವ ಹಬ್ಬ ಹುಣ್ಣಿಮೆಯೂ ಇಲ್ಲದೆ, ವಾರಕ್ಕೆರಡು ಸಲ ಹೀಗಾಗುತ್ತಿದ್ದರೆ, ಎಚ್ಚರಾದ ಮೇಲೆ ಅವಳು ಹೆದರಿ ಅಳುತ್ತಿದ್ದರೆ ಮಾತು ಬೇರೆ. ಕೂಗು, ಕೆದರಿದ ಕೂದಲು, ನಡುಕ ಎರಡೂ ಕಡೆ ಒಂದೇ. ಅನುಭವಸ್ಥ ಮನಃಶಾಸ್ತ್ರಜ್ಞರ ಕಣ್ಣು ಅವಳ ಸುತ್ತ ಯಾರು ನಿಂತಿದ್ದಾರೆ, ಏನು ಮಾಡುತ್ತಿದ್ದಾರೆ ಎನ್ನುವುದರ ಮೇಲಿರುತ್ತದೆ.

ನನ್ನ ಅಮ್ಮಮ್ಮನ ಮಡಿಯ ವಿಷಯಕ್ಕೆ ಬರುತ್ತೇನೆ. ಸಿದ್ದಾಪುರದ ಕಡೆಯ ಹಳ್ಳಿಮನೆ. ಬೆಳಿಗ್ಗೆ ಬಚ್ಚಲ ಹಂಡೆಯ ನೀರು ಮೈಮೇಲೆ ಬಿದ್ದಲ್ಲಿಂದ ದೇವರ ನೈವೇದ್ಯ ಆಗುವತನಕ ಅವಳನ್ನು ಯಾರೂ ಮುಟ್ಟುವಂತಿರಲಿಲ್ಲ. ನಾವು ಮಕ್ಕಳು ಬೇಕೆಂದೇ ಸೆರಗು ಮುಟ್ಟಿ ಓಡಿದರೆ, ಬೈಯುತ್ತ ಮತ್ತೆ ಬಚ್ಚಲಿಗೆ ಹೋಗುತ್ತಿದ್ದಳು. ಅಂಗಳದ ಗಳದ ಮೇಲೆ ಒಣಗುವ ಮಡಿಸೀರೆಯ ಕೆಳಗೆ ಬೆಕ್ಕು ಹಾದುಹೋಯಿತೋ ಇಲ್ಲವೋ ಎನ್ನುವುದು ಮನೆಯಲ್ಲಿ ದೊಡ್ಡ ವಿಚಾರಣೆ. ಮುಂಬೈಯಿಂದ ಬಂದ ಚಿಕ್ಕಪ್ಪ ಒಮ್ಮೆ, ಕೈ ತೊಳೆಯುವ ಕಾಯಿಲೆಯ ಬಗ್ಗೆ ಎಲ್ಲೋ ಓದಿ, ‘ಇವರಿಗೆ ಇದೇ ಇದೆ’ ಎಂದುಬಿಟ್ಟ.

ಇರಲಿಲ್ಲ. ಯಾಕೆ ಎನ್ನುವುದನ್ನು ನಾನು ಬಹಳ ತಡವಾಗಿ, ಗೀಳು ಕಾಯಿಲೆಯ ಬಗ್ಗೆ ಓದುವಾಗ ತಿಳಿದೆ. ಮಡಿಗೆ ಒಂದು ಕೊನೆ ಇದೆ. ಮೈಗೆ ಇಷ್ಟು ತಂಬಿಗೆ ನೀರು, ಒಂದು ಆಚಮನ, ಮುಗಿಯಿತು. ಅಮ್ಮಮ್ಮ ಅಲ್ಲಿಂದ ನಿರುಮ್ಮಳವಾಗಿ ಒಲೆಯ ಮುಂದೆ ಕೂರುತ್ತಿದ್ದಳು. ಮಧ್ಯಾಹ್ನ ಊಟವಾದ ಮೇಲೆ ಅದೇ ಅಮ್ಮಮ್ಮ ಜಗಲಿಯಲ್ಲಿ ಕಾಲು ಚಾಚಿ, ಎಲೆಅಡಿಕೆ ಕವಳದ ಬಟ್ಟಲು ಎಳೆದುಕೊಂಡು, ನಮ್ಮ ತಲೆಯ ಹೇನು ಹೆಕ್ಕುತ್ತಿದ್ದಳು. ಗೀಳಿಗೆ ಹೀಗೆ ಕೊನೆ ಇಲ್ಲ. ತೊಳೆದ ಕೈ ತೊಳೆದಂತೆ ಅನ್ನಿಸುವುದಿಲ್ಲ. ‘ಸಾಕು’ ಎಂದು ಒಳಗಿನಿಂದ ಹೇಳುವ ದನಿ ಏಳುವುದೇ ಇಲ್ಲ. ದಿನದಲ್ಲಿ ಒಂದು ತಾಸಿಗಿಂತ ಹೆಚ್ಚು ಹೊತ್ತನ್ನು ಅದು ತಿನ್ನುತ್ತದೆಯೇ ಎಂದು ವೈದ್ಯರು ಕೇಳುತ್ತಾರೆ. ಬಹುಪಾಲು ರೋಗಿಗಳಿಗೆ ಇದು ಅತಿ ಎಂದು ತಿಳಿದೂ ಇರುತ್ತದೆ. ತಿಳಿದೂ ಬಿಡಲಾಗದ್ದೇ ಅವರ ನರಕ. ಚರ್ಮ ಬಿರಿದರೂ, ಮನೆಯವರು ಬಾಗಿಲು ಬಡಿದರೂ ನೀರು ಹೊಯ್ಯುತ್ತಲೇ ಇರುತ್ತಾರೆ. ಅಮ್ಮಮ್ಮನಿಗೆ ಮಡಿಯಿಂದ ನೆಮ್ಮದಿ ಸಿಗುತ್ತಿತ್ತು. ಅವಳ ಮಡಿಯಿಂದ ಸಂಕಟ ಆಗಿದ್ದರೆ ನಮಗೆ, ಅದೂ ಹಸಿವಾದಾಗ. ಹೀಗೆ ಸಂಕಟ ಯಾರಿಗೆ, ಬದುಕಿನ ಯಾವ ಕೆಲಸ ನಿಂತಿತು ಎಂದು ಕೇಳುವ ಎರಡು ಕೋಲುಗಳು ಎಣಿಕೆ, ಕಟ್ಟಳೆಗಳಿಗಿಂತ ಎಷ್ಟೋ ಮೇಲು. ಹಾಗೆಂದು ಸಂಕಟದ ಕೋಲೂ ಅರೆಬರೆಯೇ. ಉನ್ಮಾದದ ಏರಿನಲ್ಲಿ ಒಂದೇ ದಿನ ಮೂರು ಜೀಪಿಗೆ ಮುಂಗಡ ಕೊಟ್ಟು ಬಂದವನಿಗೆ ಸಂಕಟ ಎಲ್ಲಿ? ಅವನಷ್ಟು ಖುಷಿಯಾಗಿರುವವರು ತಾಲೂಕಿನಲ್ಲೇ ಇರುವುದಿಲ್ಲ.

ಇಷ್ಟೆಲ್ಲ ಕೋಲುಗಳನ್ನು ಒಬ್ಬ ಮನುಷ್ಯನ ಮುಂದೆ ಹೇಗೆ ಬಳಸುತ್ತಾರೆ ಎನ್ನುವುದನ್ನು ಹತ್ತಿರದಿಂದ ನೋಡಬೇಕು. ಒಬ್ಬ ಹೆಗಡೆಯವರನ್ನು ಊಹಿಸಿಕೊಳ್ಳೋಣ. ವಯಸ್ಸು ಐವತ್ತನಾಲ್ಕು, ಎರಡೂವರೆ ಎಕರೆ ತೋಟ. ಆಷಾಢದ ಮಳೆ ಹೊಯ್ಯುತ್ತಿದೆ. ಹೆಂಡತಿಯ ಒತ್ತಾಯಕ್ಕೆ ಬಂದಿದ್ದಾರೆ. ಕೇಳಿದರೆ ಹೇಳುವುದು ‘ಗ್ಯಾಸು’, ‘ತಲೆ ಭಾರ’, ‘ನರ ವೀಕು’. ಮನಸ್ಸಿನ ಮಾತೇ ಇಲ್ಲ. ನಮ್ಮವರ ದುಃಖ ಹೊಟ್ಟೆಯ ದಾರಿಯಲ್ಲೇ ಹೊರಬರುವುದು.

ಬಾಗಿಲು ದಾಟಿ ಒಳಬರುವಾಗಲೇ ನೋಡುವ ಕೆಲಸ ಶುರುವಾಗಿರುತ್ತದೆ. ಗಡ್ಡ ಎಷ್ಟು ದಿನದ್ದು, ಅಂಗಿಯ ಗುಂಡಿ ಹೇಗಿದೆ, ನಡೆ ನಿಧಾನವೋ, ಪ್ರಶ್ನೆಗೂ ಉತ್ತರಕ್ಕೂ ನಡುವೆ ಎಷ್ಟು ಹೊತ್ತು. ‘ಹೆಗಡೇರೆ, ಮದ್ದು ಹೊಡೆಸಿ ಆಯ್ತಾ?’ ಇದು ಹರಟೆಯಂತೆ ಕೇಳುತ್ತದೆ, ಆದರೆ ಹರಟೆಯಲ್ಲ. ಕೊಳೆರೋಗಕ್ಕೆ ಮೈಲುತುತ್ತ ಹೊಡೆಸುವುದನ್ನು ಆಷಾಢದಲ್ಲಿ ಮರೆತ ತೋಟಿಗ ಈ ಸೀಮೆಯಲ್ಲಿ ಸಿಗುವುದಿಲ್ಲ. ಮರ ಹತ್ತಿ ಮದ್ದು ಹೊಡೆಯುವ ಕೊನೆಗೌಡ ಎರಡು ಸಲ ಬಂದು ಅಂಗಳದಲ್ಲಿ ನಿಂತು ಹೋದ, ಇವರು ಹಾಸಿಗೆಯಿಂದ ಏಳಲಿಲ್ಲ ಎಂದು ಹೆಂಡತಿ ಹೇಳಿದರೆ, ಉದ್ದದ ಪ್ರಶ್ನಾವಳಿಯ ಅರ್ಧ ತುಂಬಿದಂತೆ. ನಿದ್ದೆ? ಹತ್ತಕ್ಕೆ ಮಲಗಿದರೆ ಮೂರಕ್ಕೆ ಎಚ್ಚರ, ಆಮೇಲೆ ಮಾಡು ನೋಡುತ್ತ ಬಿದ್ದುಕೊಳ್ಳುವುದು. ಊಟ? ರುಚಿ ಇಲ್ಲ. ಕವಳ? ಹೆಂಡತಿ ಇಲ್ಲಿ ಸ್ವಲ್ಪ ತಡೆದು, ‘ಬಟ್ಟಲು ಮುಂದಿಟ್ಟರೂ ಮುಟ್ಟೂದಿಲ್ಲ’ ಎನ್ನುತ್ತಾರೆ. ದಿನಕ್ಕೆ ಹದಿನೈದು ಕವಳ ಹಾಕುತ್ತಿದ್ದವರು. ಇಷ್ಟವಾದದ್ದೂ ಇಷ್ಟವಾಗದಿರುವುದು ಖಿನ್ನತೆಯ ದೊಡ್ಡ ಗುರುತು. ಪುಸ್ತಕದಲ್ಲಿ ಅದಕ್ಕೆ ಉದ್ದದ ಹೆಸರಿದೆ. ಇಲ್ಲಿ ಅದು ತೆರೆಯದ ಸುಣ್ಣದ ಡಬ್ಬಿ. ಇಂಥವು ಕನಿಷ್ಠ ಎರಡು ವಾರ, ಹೆಚ್ಚುಕಡಿಮೆ ದಿನವೂ, ದಿನದ ಬಹುಪಾಲು ಇರಬೇಕು ಎನ್ನುವುದು ನಿಯಮ. ಅಡಿಕೆ ದರ ಬಿದ್ದ ದಿನ ಮಂಕಾಗಿ ಕೂತವರೆಲ್ಲ ರೋಗಿಗಳಲ್ಲ ಎಂದು ಕಾಪಾಡುವುದು ಈ ಎರಡು ವಾರ.

ಆಮೇಲೆ ಹೆಂಡತಿಯನ್ನು ಸ್ವಲ್ಪ ಹೊರಗೆ ಕೂರಿಸಿ, ‘ಬದುಕೇ ಸಾಕು ಅನ್ನಿಸಿದ್ದುಂಟಾ?’ ಎಂದು ಸೀದಾ ಕೇಳುತ್ತಾರೆ. ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಕ್ಕೀತು ಎನ್ನುವುದು ನಮ್ಮೆಲ್ಲರ ಭಯ. ಹಾಗಾಗುವುದಿಲ್ಲ, ಯಾರೋ ಕೇಳಿದರಲ್ಲ ಎಂದು ಎದೆ ಹಗುರಾಗುವುದೇ ಹೆಚ್ಚು. (ಇಷ್ಟು ದೂರ ಬರಲಾಗದವರಿಗೆ 14416 ಒತ್ತಿದರೆ ಟೆಲಿ ಮಾನಸ್‌ನಲ್ಲಿ ಕನ್ನಡದಲ್ಲೇ ಮಾತಾಡುವವರು ಸಿಗುತ್ತಾರೆ.)

ಯೋಚನೆಯ ನೇರ್ಪನ್ನು ನೋಡಲು ಗಾದೆಯ ಅರ್ಥ ಕೇಳುವ ಹಳೆಯ ಪದ್ಧತಿಯೊಂದಿದೆ. ‘ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು’ ಎಂದರೆ ಏನು? ಸಣ್ಣ ವಿಷಯಕ್ಕೆ ಕಳೆದ ಮರ್ಯಾದೆ ಎಷ್ಟು ಕೊಟ್ಟರೂ ಬರುವುದಿಲ್ಲ ಎಂದರೆ ಮಾತಿನ ಹಿಂದಿನ ಮಾತು ಹಿಡಿಯುವ ಶಕ್ತಿ ಸರಿಯಿದೆ. ‘ಆನೆ ಅಡಿಕೆ ತಿನ್ನೋದಿಲ್ಲ’ ಎಂದರೆ ಸ್ವಲ್ಪ ಯೋಚಿಸಬೇಕು. ಇದರಲ್ಲೂ ಎಚ್ಚರ ಬೇಕು. ಯಲ್ಲಾಪುರದ ಅಡಿಕೆ ಬೆಳೆಗಾರ, ‘ಈಗಿನ ರಾಶಿ ಅಡಿಕೆಯ ದರದಲ್ಲಿ ಆನೆಯನ್ನೇ ಕೊಳ್ಳಬಹುದು ಬಿಡಿ’ ಎಂದರೆ ಅದು ರೋಗವಲ್ಲ, ಕುಶಾಲು. ನೂರರಿಂದ ಏಳೇಳು ಕಳೆಯುತ್ತ ಹೋಗಿ ಎನ್ನುವುದು ಏಕಾಗ್ರತೆಯ ಪರೀಕ್ಷೆ. ಶಾಲೆ ಕಾಣದವರಿಗೆ ಅದನ್ನು ಕೊಟ್ಟರೆ ಅಳೆದದ್ದು ಶಾಲೆಯನ್ನೇ. ಅವರಿಗೆ ವಾರಗಳನ್ನು ಹಿಂದಿನಿಂದ ಹೇಳಿಸುತ್ತಾರೆ. ಇಂದಿನ ತಾರೀಖು ಗೊತ್ತಿಲ್ಲದ ಅಜ್ಜನಿಗೆ ತಿಥಿ ಬಾಯಲ್ಲಿರುತ್ತದೆ. ಯಕ್ಷಗಾನದ ಮೇಳದವರನ್ನು ತಿರುಗಾಟದ ನಡುವೆ ಹಿಡಿದು ‘ರಾತ್ರಿ ನಿದ್ದೆ ಬರುತ್ತದೆಯೇ’ ಎಂದರೆ, ಅವರು ಏನು ಹೇಳಿಯಾರು?

ಮನಸ್ಸಿನದೇ ಎಂದು ಬರೆಯುವ ಮೊದಲು ಮೈಯದಲ್ಲ ಎಂದು ಖಚಿತಮಾಡಿಕೊಳ್ಳಬೇಕು. ಥೈರಾಯ್ಡ್ ಕಡಿಮೆಯಾದರೆ ಮನುಷ್ಯ ಖಿನ್ನತೆಯ ರೋಗಿಯಂತೆಯೇ ಕಾಣುತ್ತಾನೆ. ಬಿ12 ಕೊರತೆ ನೆನಪನ್ನೂ ಮನಸ್ಸನ್ನೂ ಕೆಡಿಸಬಲ್ಲದು. ತಲೆಮಾರುಗಳಿಂದ ಸಸ್ಯಾಹಾರದ ಮನೆಗಳಲ್ಲಿ ಅದನ್ನು ಮರೆಯುವಂತಿಲ್ಲ. ಸಿದ್ದಾಪುರದವರಿಗೆ ಇನ್ನೊಂದಿದೆ. ಮಂಗನ ಕಾಯಿಲೆಯನ್ನು 1957ರಲ್ಲಿ ಮೊದಲು ಗುರುತಿಸಿದ್ದು ಪಕ್ಕದ ಸೊರಬದ ಕ್ಯಾಸನೂರು ಕಾಡಿನಲ್ಲಿ. ಕೆಲವರಲ್ಲಿ ಜ್ವರ ಇಳಿದು, ಗುಣವಾಯಿತು ಎನ್ನುವಾಗ ಮರಳಿ ಏರುತ್ತದೆ. ಆಗ ತಲೆಸಿಡಿತ, ನಡುಕ, ಗಲಿಬಿಲಿ. ಕಾಡಿಗೆ ಸೌದೆಗೆ ಹೋಗಿ ಬಂದವಳು ಕೆಲವು ವಾರಕ್ಕೆ ಏನೇನೋ ಮಾತಾಡತೊಡಗಿದರೆ, ಮೊದಲ ಪ್ರಶ್ನೆ ಗಾಳಿ ಸೋಕಿತೇ ಎಂದೂ ಅಲ್ಲ, ಗಂಡನ ಜೊತೆ ಜಗಳವೇ ಎಂದೂ ಅಲ್ಲ. ಉಣ್ಣಿ ಕಚ್ಚಿತ್ತೇ ಎಂದು.

ಕನ್ನಡದಲ್ಲಿ ಈ ವಿದ್ಯೆಯನ್ನು ತಿಳಿಹೇಳಿದವರು ಕಡಿಮೆಯೇನಿಲ್ಲ. ‘ಕೊರವಂಜಿ’ ಪತ್ರಿಕೆಯ ರಾಶಿ (ನಮ್ಮ ಅಡಿಕೆಯ ರಾಶಿಯಲ್ಲ, ಡಾ. ಎಂ. ಶಿವರಾಂ) ಬರೆದ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಡಾ. ಸಿ. ಆರ್. ಚಂದ್ರಶೇಖರ್ ಅವರ ಸಣ್ಣ ಪುಸ್ತಕಗಳು ಬಸ್‌ಸ್ಟ್ಯಾಂಡಿನ ಅಂಗಡಿಗಳತನಕ ಬಂದವು. ಶಿವಮೊಗ್ಗದಲ್ಲಿ ಡಾ. ಅಶೋಕ್ ಪೈ ಪತ್ರಿಕೆ, ಸಿನಿಮಾ ಎರಡನ್ನೂ ಇದಕ್ಕೆ ದುಡಿಸಿಕೊಂಡರು.

ಕಾಯಿಲೆ ಇಲ್ಲದಿರುವುದೇ ಆರೋಗ್ಯವೇ ಎನ್ನುವುದು ಇನ್ನೊಂದು ಪ್ರಶ್ನೆ. ಮಾರಿ ಯಹೋದಾ ಎಂಬ ವಿದುಷಿ 1958ರಲ್ಲಿ ಆರು ಗುಣಗಳನ್ನು ಹೆಸರಿಸಿದಳು: ತನ್ನ ಬಗ್ಗೆ ಸಮಾಧಾನ, ಬೆಳೆಯುವ ಹಂಬಲ, ಒಳಗಿನ ಹೊಂದಾಣಿಕೆ, ಸ್ವಂತ ನಿರ್ಧಾರ, ಇದ್ದದ್ದನ್ನು ಇದ್ದಂತೆ ಕಾಣುವುದು, ಪರಿಸರವನ್ನು ನಿಭಾಯಿಸುವುದು. ಓದಲು ಚೆಂದ. ಆದರೆ ಆರೂ ಇದ್ದ ಒಬ್ಬರನ್ನು ನಾನು ಕಂಡಿಲ್ಲ. ಸ್ವಂತ ನಿರ್ಧಾರ ಎನ್ನುವುದಂತೂ ಹದಿನೆಂಟು ಜನರ ಕೂಡುಕುಟುಂಬದ ಸೊಸೆಯ ಮುಂದೆ ಮುಖ ತಗ್ಗಿಸಬೇಕಾದ ಅಳತೆ. ಅವಳಿಗೆ ಅದು ಇಲ್ಲ ಎಂದರೆ ಕೊರತೆ ಅವಳದೋ ಮನೆಯದೋ?

ದುಃಖದ ಲೆಕ್ಕದಲ್ಲಿ ಮಾತ್ರ ನನಗೊಂದು ಬೆರಗು. ಗಂಡ ಸತ್ತ ಮೇಲೆ ಅವನ ಕೆಮ್ಮು ಕೇಳಿಸಿತು ಎನ್ನುವವಳು, ಅವನ ಕುರ್ಚಿಯ ಜೊತೆ ಮಾತಾಡುವವಳು ರೋಗಿಯಲ್ಲ ಎಂದು ಎಲ್ಲ ಪುಸ್ತಕಗಳೂ ಒಪ್ಪುತ್ತವೆ. ಎಷ್ಟು ದಿನ ಎನ್ನುವುದಕ್ಕೆ ಅಮೆರಿಕದವರ 2022ರ ಪಟ್ಟಿ ಕೊಟ್ಟ ಗಡುವು ಹನ್ನೆರಡು ತಿಂಗಳು. ಅದಕ್ಕೂ ಮೀರಿ, ದಿನದಿನವೂ ಬದುಕನ್ನು ನಿಲ್ಲಿಸುವಷ್ಟು ಇದ್ದರೆ ಮಾತ್ರ ಚಿಕಿತ್ಸೆಯ ಯೋಚನೆ. ನಮ್ಮಲ್ಲೂ ಹನ್ನೆರಡು ಮಾಸಿಕ, ಆಮೇಲೆ ವರ್ಷಾಂತಿಕ. ಅವರು ನಮ್ಮ ಪುರೋಹಿತರನ್ನು ಕೇಳಿರಲಿಕ್ಕಿಲ್ಲ.

ಅಮ್ಮಮ್ಮನ ಕತೆ ಅರ್ಧಕ್ಕೆ ನಿಂತಿತ್ತು. ಎಂಬತ್ತರ ಹತ್ತಿರಕ್ಕೆ ಬಂದಾಗ ಅವಳ ಮಡಿ ತಾನಾಗಿ ಸಡಿಲವಾಯಿತು. ಸ್ನಾನಕ್ಕೆ ಮೊದಲೇ ಅಡುಗೆಮನೆಗೆ ಬಂದು ಡಬ್ಬಿ ಮುಟ್ಟಿದಳು. ಬೆಕ್ಕು ಮಡಿಸೀರೆಯ ಮೇಲೇ ಮಲಗಿದ್ದರೂ ಅದನ್ನೇ ಕೊಡವಿ ಉಟ್ಟಳು. ಹೊರಗಿನಿಂದ ಬಂದ ಮೊಮ್ಮಕ್ಕಳನ್ನು ಪೂಜೆಯ ಹೊತ್ತಿಗೇ ತೊಡೆಯ ಮೇಲೆ ಕೂರಿಸಿಕೊಂಡಳು. ಮನೆಯವರೆಲ್ಲ ಖುಷಿಪಟ್ಟರು. ‘ಅಮ್ಮಮ್ಮ ಈಗ ಸುಧಾರಿಸಿದ್ಲು’ ಎಂದು ನಾವೇ ಬಂದವರಿಗೆಲ್ಲ ಹೇಳಿದೆವು. ಮುಂಬೈ ಚಿಕ್ಕಪ್ಪನಿಗೆ ಫೋನು ಮಾಡಿಯೂ ಹೇಳಿದೆವು.

ಎರಡು ವರ್ಷ ಕಳೆದು, ಅವಳು ತನ್ನ ಮಗಳಾದ ನನ್ನ ಆಯಿಯನ್ನೇ ‘ನೀನು ಯಾರ ಮನೆಯ ಕೂಸು?’ ಎಂದು ಕೇಳಿದ ಮೇಲೆ, ಮಾವ ಅವಳನ್ನು ದೊಡ್ಡ ಊರಿಗೆ ಕರೆದುಕೊಂಡು ಹೋದ. ನಾನೂ ಜೊತೆಗಿದ್ದೆ. ಅಲ್ಲಿದ್ದ ಚಿಕ್ಕ ವಯಸ್ಸಿನ ಮನಃಶಾಸ್ತ್ರಜ್ಞೆ ಮೊದಲು ಏನನ್ನೂ ಬರೆದುಕೊಳ್ಳಲಿಲ್ಲ, ಗಾದೆ ಕೇಳಲಿಲ್ಲ, ಲೆಕ್ಕ ಕೇಳಲಿಲ್ಲ. ಅಮ್ಮಮ್ಮನ ಕೈ ಹಿಡಿದುಕೊಂಡು, ಮಾವನ ಕಡೆ ತಿರುಗಿ, ‘ಮೊದಲು ಹೇಗಿದ್ರು ಇವರು?’ ಎಂದಳು.

‘ಮೊದಲು ಭಯಂಕರ ಮಡಿ...’ ಎಂದು ಶುರುಮಾಡಿದ ಮಾವ ಅಲ್ಲಿಗೇ ನಿಂತು ನನ್ನ ಮುಖ ನೋಡಿದ.